ಸೋಮವಾರದ ಎರಡು ಉಪವಾಸ

ಎಂಬತ್ತೈದರಲ್ಲಿ ನಮ್ಮ ಬೆಳಗಾವಿಯ ಪತ್ರಿಕೆಗೆ ‘ಇಪ್ಪತ್ತು ವರ್ಷದ ಹಿಂದೆ’ ಎಂಬ ಅಂಕಣ ಬೇಕಾಗಿತ್ತು. ಆಗಿನ ಸಿನಿಮಾ, ಹಾಡು, ಸುದ್ದಿ ಕೇಳಿಕೊಂಡು ಬಾ ಎಂದು ನನ್ನನ್ನು ಖಾನಾಪುರ ತಾಲೂಕಿನ ಬೀಡಿ ಊರಿಗೆ ಅಟ್ಟಿದರು. ಅಲ್ಲೊಬ್ಬ ಅಜ್ಜಿ ಮಾತಿಗೆ ಸಿಕ್ಕರು.

“ಆಯಿ, ಅರವತ್ತೈದರಾಗ ಯಾವ ಸಿನಿಮಾ ನೋಡಿದ್ರಿ?”

“ಯುದ್ಧ ನಡದಿತ್ತು ತಮ್ಮಾ. ಕಾಳು ಸಾಲೂದಿಲ್ಲ, ಸೋಮವಾರ ರಾತ್ರಿ ಉಣಬ್ಯಾಡ್ರಿ ಅಂತ ರೇಡಿಯೋದಾಗ ಹೇಳಿದ್ರು.”

“ಅದು ಗೊತ್ತೈತ್ರಿ. ಹಾಡು ಯಾವುದರೆ ನೆನಪೈತೇನ್ರಿ?”

“ನಾವು ಮೊದಲಿಂದ್ಲೂ ಸೋಮವಾರ ಹಗಲೆಲ್ಲಾ ಉಪವಾಸ ಇದ್ದು, ರಾತ್ರಿ ಪೂಜಿ ಮುಗಿಸಿ ಉಣ್ಣೋ ಮಂದಿ. ಹಗಲಿನ ಉಪವಾಸ ಶಿವಂದು, ರಾತ್ರಿದು ಸರಕಾರದ್ದು. ಹಸಿವಿ ಅಷ್ಟ ನಮ್ಮದು!”

ಎಷ್ಟು ಸಲ ಹಾಡು ಕೇಳಿದರೂ ಉತ್ತರ ಹಸಿವೆಯದೇ. ತಲೆ ಕೆಟ್ಟುಹೋಯಿತು. ಊಟಕ್ಕಾದರೂ ಏಳು ಅಂದಾರೆಂದು ಮಧ್ಯಾಹ್ನದವರೆಗೆ ಕಾದೆ. ಒಲೆ ಹೊತ್ತಲೇ ಇಲ್ಲ.

ಅವತ್ತೂ ಸೋಮವಾರ.