ಎಡಗಡೆ ಗಾಲಿಯ ನಟ್ಟು

ನನಗೆ ಸಿಟ್ಟು ಬೇಗ ಬರುತ್ತದೆ. ಮೂಗಿನ ತುದಿಯಲ್ಲೇ ಇಟ್ಟುಕೊಂಡು ತಿರುಗುತ್ತೀರಿ ಎಂದು ಹೆಂಡತಿ ಹೇಳುತ್ತಾಳೆ. ಅದಕ್ಕೂ ಸಿಟ್ಟು ಬರುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನ ರಸ್ತೆಯಲ್ಲಿ ನನ್ನದು ಟ್ರಾಲಿ ಗಾಲಿಗಳ ರಿಪೇರಿ ಅಂಗಡಿ, ಅಪ್ಪ ಹಾಕಿಕೊಟ್ಟದ್ದು. ತಂಗಿ ಹಾವೇರಿಯಲ್ಲಿ ಹಲ್ಲಿನ ಡಾಕ್ಟರು. ಅವಳಿಗೆ ವರ್ಷಕ್ಕೊಂದು ಸಲ ಹುಚ್ಚು ಕೆದರುತ್ತದೆ, ತನ್ನ ಹಳೇ ಕಾರನ್ನು ತಮಿಳುನಾಡಿನ ರೇಸ್ ಟ್ರ್ಯಾಕಿಗೆ ಒಯ್ದು ಮನಸೋಇಚ್ಛೆ ಓಡಿಸುವ ಹುಚ್ಚು. ಪಂದ್ಯವಿಲ್ಲ, ಬಹುಮಾನವಿಲ್ಲ. ದಿನದ ಬಾಡಿಗೆ ಕಟ್ಟಿ ಯಾರು ಬೇಕಾದರೂ ತಮ್ಮ ಗಾಡಿ ಓಡಿಸಬಹುದಂತೆ.

ಈ ಸಲ ಅವಳು ಹೋಗುವ ಮೊದಲು ಕಾರಿನ ಮುಂದಿನ ಎರಡೂ ಗಾಲಿಗಳು ಗುಂಯ್ ಎನ್ನತೊಡಗಿದ್ದವು. ಬೇರಿಂಗ್ ಸವೆದಿತ್ತು. ಹೊಸ ಬೇರಿಂಗ್ ತರಿಸಿಕೊಂಡು ಒಂದು ಮುಂಜಾನೆ ನನ್ನ ಅಂಗಡಿಗೇ ಬಂದಳು. ಬೇರೆಯವರ ಕೈಗೆ ಕೊಡಲು ಧೈರ್ಯವಿಲ್ಲ ಅಂದಳು. ನಾನು ಉಬ್ಬಿಹೋದೆ.

ಬಲಗಡೆಯದನ್ನು ಮೊದಲು ಬಿಚ್ಚಿದೆ. ಹಳೇ ಬೇರಿಂಗನ್ನು ಪ್ರೆಸ್ಸಿಗೆ ಕೊಟ್ಟು ತಳ್ಳಿಸಿ, ಹೊಸದನ್ನು ಕೂರಿಸಿ, ನಡುವಿನ ದೊಡ್ಡ ನಟ್ಟು ಬಿಗಿದೆ. ತಂಗಿ ತನ್ನ ಉದ್ದನೆಯ ಪಾನಾ ತಂದು ಅದೇ ನಟ್ಟಿಗೆ ಹಚ್ಚಿದಳು. ಬೇಕಾದಷ್ಟು ಬಿಗಿಯಾದರೆ ಆ ಪಾನಾ ಕಟ್ ಎನ್ನುತ್ತದೆ. ಕಟ್ ಅಂದಿತು. ಆಮೇಲೆ ನಟ್ಟಿನ ಮೇಲೆ ಬ್ರಷ್ಷಿನಿಂದ ಒಂದು ಹಳದಿ ಗೆರೆ ಎಳೆದಳು. ನಟ್ಟು ತಿರುಗಿದರೆ ಗೆರೆ ಒಡೆಯುತ್ತದೆ, ಪರೀಕ್ಷೆ ಮಾಡಿದ್ದಕ್ಕೂ ಗುರುತು. ಟ್ರ್ಯಾಕಿನವರ ಪದ್ಧತಿ ಎಂದು ಹೇಳುತ್ತಿದ್ದಳು. ನನಗೆ ಪಿತ್ತ ನೆತ್ತಿಗೇರಿತು.

"ಇಪ್ಪತ್ತೈದು ವರ್ಷ ಆತು ಗಾಲಿ ಹಾಕಾಕತ್ತಿ. ನನ್ನ ಕೈಗೆ ಪರೀಕ್ಷಾ ಇಡ್ತೀ ಏನು ನೀ?" ಎಂದೆ. ಅಂಗಡಿಯ ಮುಂದೆ ನಿಂತಿದ್ದ ಗಿರಾಕಿಗಳು ತಿರುಗಿ ನೋಡಿದರು. ಅವಳು ಪಾನಾ ಕೆಳಗಿಟ್ಟು ಮಂಡಕ್ಕಿ, ಮಿರ್ಚಿ ತರಲು ಹೋದಳು. ಅವಳು ಬರುವುದರೊಳಗೆ ಎಡಗಡೆಯದನ್ನು ನಾನೊಬ್ಬನೇ ಮುಗಿಸಿ ಗಾಲಿ ಏರಿಸಿಬಿಟ್ಟೆ.

ಊಟದ ಹೊತ್ತಿಗೆ ಹೊರಟಳು. ರಾಣೆಬೆನ್ನೂರಿನಲ್ಲಿ ಗಾಲಿಗಳ ಅಲೈನ್‌ಮೆಂಟ್ ಮಾಡಿಸಿ, ಅಲ್ಲಿಂದ ನೇರ ತಮಿಳುನಾಡಿನ ಹಾದಿ. ದಾರಿಯಲ್ಲಿ ಫೋನ್ ಎತ್ತಿದ್ದು ಕಂಡರೆ ಕಾರಿನ ಕೀಲಿ ಕಸಿದುಕೊಳ್ಳುತ್ತೇನೆ ಎಂದು ಹಿಂದೊಮ್ಮೆ ಗದರಿದ್ದೆ. ಅಂದಿನಿಂದ ಅವಳು ಸ್ಟೀರಿಂಗ್ ಹಿಡಿದರೆ ಫೋನು ಬ್ಯಾಗಿನಲ್ಲಿ.

ಅವಳು ಹೋಗಿ ಅರ್ಧ ತಾಸಾಗಿರಬೇಕು. ಹೊಸರಿತ್ತಿಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಬಂದಿದ್ದ ಟ್ರಾಲಿಯ ಗಾಲಿಗೆ ಗ್ರೀಸ್ ತುಂಬಿ ನಟ್ಟು ಬಿಗಿದೆ. ಬಿಗಿದು, ಕಾಲು ಸುತ್ತು ಹಿಂದಕ್ಕೆ ಬಿಟ್ಟೆ. ಟ್ರಾಲಿ ಗಾಲಿಗೆ ಹಾಗೇ ಮಾಡಬೇಕು. ಪೂರ್ತಿ ಬಿಗಿದರೆ ಬೇರಿಂಗ್ ಕಾದು ಹಿಡಿದುಕೊಳ್ಳುತ್ತದೆ. ಅಪ್ಪ ಮೊದಲ ದಿನ ಕಲಿಸಿದ್ದೇ ಇದು. ಲೆಕ್ಕವಿಲ್ಲದಷ್ಟು ಗಾಲಿಗಳಿಗೆ ನನ್ನ ಕೈ ಇದನ್ನೇ ಮಾಡಿದೆ, ನನ್ನನ್ನು ಕೇಳುವುದೂ ಇಲ್ಲ.

ಕೈ ಅಲ್ಲೇ ನಿಂತಿತು. ತಂಗಿಯ ಕಾರಿನ ಎಡಗಡೆ ಗಾಲಿ ಹಾಕುವಾಗಲೂ ಮಣಿಕಟ್ಟು ಹೀಗೇ ಹಿಂದಕ್ಕೆ ತಿರುಗಿದ್ದು ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು.

ಕಾರಿನ ಬೇರಿಂಗ್ ಬೇರೆ ಜಾತಿಯದು. ಅದರ ಎರಡು ಬಳೆಗಳನ್ನು ಒತ್ತಿ ಹಿಡಿಯುವುದೇ ಆ ನಟ್ಟು. ಅದು ಸಡಿಲಾದರೆ ಬಳೆಗಳು ದೂರ ಸರಿಯುತ್ತವೆ, ಗಾಲಿ ಅಲುಗುತ್ತದೆ, ಬೇರಿಂಗ್ ತಿಕ್ಕಿ ಕಾದು ಒಡೆಯುತ್ತದೆ. ಹೋದ ವರ್ಷದ ವಿಡಿಯೋ ತೋರಿಸಿದ್ದಳು: ಉದ್ದನೆಯ ನೇರ ರಸ್ತೆ, ಕೊನೆಯಲ್ಲಿ ಬ್ರೇಕು, ಒಮ್ಮೆಲೇ ಬಲಕ್ಕೆ ತಿರುವು. ಅಲ್ಲಿ ಇಡೀ ಕಾರಿನ ಭಾರ ಬೀಳುವುದು ಮುಂದಿನ ಎಡ ಗಾಲಿಯ ಮೇಲೆ.

ಫೋನ್ ಹಚ್ಚಿದೆ. ಎತ್ತಲಿಲ್ಲ. ಮೂರು ಸಲ ಹಚ್ಚಿದೆ. ನನ್ನ ಮಾತು ಎಷ್ಟು ಚೆನ್ನಾಗಿ ಕೇಳಿದ್ದಾಳೆ ನೋಡಿ! ಗ್ರೀಸ್ ಕೈಯಲ್ಲೇ ಬೈಕ್ ಹತ್ತಿದೆ. ಹಿಂದಿನಿಂದ ರೈತ ತನ್ನ ಗಾಲಿಯ ಗತಿ ಏನು ಎಂದು ಕೂಗಿದ, ನಾನು ನಿಲ್ಲಲಿಲ್ಲ.

ಮೋಟೆಬೆನ್ನೂರಿನ ಹತ್ತಿರ ಹೈವೇ ಸೇರಿದೆ. ಎಲ್ಲಾದರೂ ಕೆಟ್ಟು ನಿಂತಿದ್ದಾಳೋ ಎಂದು ದಾರಿಯ ಎಡಬದಿಯನ್ನೇ ನೋಡುತ್ತಿದ್ದೆ. ಅವಳ ಕಾರಿನಂಥ ಕೆಂಪು ಕಾರು ಕಂಡಲ್ಲೆಲ್ಲ ಬೈಕ್ ನಿಧಾನಿಸಿ ನಂಬರು ಓದುತ್ತಿದ್ದೆ. ಅಷ್ಟರ ನಡುವೆಯೂ ನನ್ನ ಹಾಳು ಮನಸ್ಸು ನೆವ ಹುಡುಕುತ್ತಿತ್ತು: ಪಾನಾ ಮರೆತಿದ್ದೀ ಎಂದು ಹೇಳಲೇ, ಸುಮ್ಮನೆ ಇನ್ನೊಮ್ಮೆ ನೋಡೋಣ ಎಂದು ಬಂದೆ ಎನ್ನಲೇ. ನಾಚಿಕೆಯಾಯಿತು, ಆದರೂ ಹುಡುಕುತ್ತಿದ್ದೆ.

ಒಂದೇ ಒಂದು ಧೈರ್ಯವಿತ್ತು. ಅವಳು ಪರೀಕ್ಷೆ ಮಾಡದೆ ಯಾವ ನಟ್ಟನ್ನೂ ಬಿಡುವವಳಲ್ಲ. ಮಿರ್ಚಿ ತಂದಿಟ್ಟ ಮೇಲೆ ಎಡಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತದ್ದನ್ನು ಓರೆಗಣ್ಣಿನಲ್ಲಿ ನೋಡಿದ್ದೆ. ಸಡಿಲಿದ್ದರೆ ಆಗಲೇ ಬಿಗಿದಿರುತ್ತಾಳೆ ಎಂದು ನೂರು ಸಲ ಹೇಳಿಕೊಂಡೆ.

ರಾಣೆಬೆನ್ನೂರಿನ ಅಲೈನ್‌ಮೆಂಟ್ ಅಂಗಡಿಯಲ್ಲಿ ಕಾರಿತ್ತು. ಕೆಲಸ ಮುಗಿದಿತ್ತು, ತಂಗಿ ಕೀಲಿ ಹಿಡಿದು ಬಾಗಿಲು ತೆಗೆಯುತ್ತಿದ್ದಳು. ನಾನು ಅವಳ ಕಡೆ ನೋಡಲೇ ಇಲ್ಲ. ನೆಟ್ಟಗೆ ಎಡಗಾಲಿಯ ಹತ್ತಿರ ಹೋಗಿ ನಡುವಿನ ಮುಚ್ಚಳ ಕಿತ್ತೆ. ನಟ್ಟಿನ ಮೇಲೆ ಹಳದಿ ಗೆರೆ ಇತ್ತು. ಹಾಗಾದರೆ ಪರೀಕ್ಷೆ ಆಗಿದೆ ಎಂದು ನಗೆ ಬಂತು.

"ಪಾನಾ ಹಚ್ಚಿ ನೋಡಿದಿ ಹೌದಿಲ್ಲೋ?" ಎಂದು ಕೇಳಿದೆ.

ಅವಳು ತೆಗೆದ ಬಾಗಿಲನ್ನು ಮತ್ತೆ ಮುಚ್ಚಿದಳು. "ಬಲಗಡೆದ್ದು ನೋಡಿದ್ದೆ. ಇದನ್ನ ನೋಡಲಿಲ್ಲ, ಅಣ್ಣಾ. ನೀ ಮತ್ತ ಸಿಟ್ಟಿಗೇಳ್ತಿ ಅಂತ ಬರೇ ಬಣ್ಣ ಹಚ್ಚಿದೆ."

ನಗೆ ಹಾರಿಹೋಯಿತು. ದಾರಿಯುದ್ದಕ್ಕೂ ಹುಡುಕಿದ ನೆವಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಸಡ್ಲ ಐತಿ," ಎಂದೆ. "ಟ್ರಾಲಿದ ರೂಢಿ. ನಾನ ಹಿಂದಕ್ಕ ಬಿಟ್ಟೇನಿ."

ಜಾಕ್ ಹಾಕಿ ಗಾಲಿ ಎತ್ತಿದೆವು. ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿದಳು. ಟಕ್ ಟಕ್ ಎಂದಿತು. ಹೀಗೆ ಓಡಿದ ಬೇರಿಂಗನ್ನು ಮತ್ತೆ ಬಿಗಿದರೂ ಟ್ರ್ಯಾಕಿನಲ್ಲಿ ನಂಬುವಂತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಇನ್ನೊಂದು ಹೊಸದು ಬರುವುದಕ್ಕೆ ನಾಲ್ಕು ದಿನ ಬೇಕು. ಬಾಡಿಗೆ ಕಟ್ಟಿ, ವರ್ಷವಿಡೀ ಕಾದಿದ್ದ ದಿನ ಅವಳಿಗೆ ತಪ್ಪಿತು. ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ನಟ್ಟು ಬಿಗಿದುಕೊಂಡು, ನನ್ನ ಬೈಕಿನ ಹಿಂದೆ ಎತ್ತಿನ ಗಾಡಿಯ ಹಾಗೆ ನಿಧಾನವಾಗಿ ಬ್ಯಾಡಗಿಗೆ ಬಂದಳು.

ನಾಲ್ಕು ದಿನ ಬಿಟ್ಟು ಹೊಸ ಬೇರಿಂಗ್ ಹಾಕಿದೆ. ನಟ್ಟು ಕೂರಿಸಿ, ಉದ್ದನೆಯ ಪಾನಾವನ್ನು ನಾನಾಗಿಯೇ ಅವಳ ಕೈಗೆ ಕೊಟ್ಟು ದೂರ ಸರಿದು ನಿಂತೆ. ಅಂಗಡಿಯಲ್ಲಿ ಅವತ್ತೂ ಗಿರಾಕಿಗಳಿದ್ದರು. ಹಚ್ಚು, ಎರಡು ಸಲ ಹಚ್ಚಿ ನೋಡು ಎಂದೆ, ಸಾಧ್ಯವಾದಷ್ಟು ಮೆತ್ತಗೆ. ಅವಳು ಪಾನಾ ಹಿಡಿದಳು. ಆದರೆ ನಟ್ಟಿಗೆ ಹಚ್ಚುವ ಮೊದಲು ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದಳು.