ಶಾರದವ್ವನ ಹೆಸರಲ್ಲಿ ಹೋದ ಕ್ಯಾಮರಾ

ಸಂಶಿಯ ಬಸ್ ನಿಲ್ದಾಣದ ಬಾಜು ಮಡಿವಾಳೆಪ್ಪನ ಗಡಿಯಾರ ರಿಪೇರಿ ಅಂಗಡಿ ಇತ್ತು. ಹೊಟ್ಟೆಪಾಡಿಗೆ ಗಡಿಯಾರವಾದರೂ ಅವನ ಜೀವವೆಲ್ಲ ಹಳೆಯ ಕ್ಯಾಮರಾಗಳ ಮೇಲೆ. ಹದಿನೈದು ದಿನಕ್ಕೊಮ್ಮೆ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ, ಮೋಡಕಾ ಅಂಗಡಿಗಳ ಹಳೇ ಸಾಮಾನಿನ ರಾಶಿಯಲ್ಲಿ ಕೈಯಾಡಿಸಿ, ಯಾರೋ ಬೇಡವೆಂದು ಬಿಸಾಕಿದ ಜರ್ಮನಿಯದೋ ಜಪಾನಿನದೋ ಒಂದು ರೇಂಜ್‌ಫೈಂಡರ್ ಕ್ಯಾಮರಾ ತರುತ್ತಿದ್ದ. ಅದರ ಪುಟ್ಟ ಕಿಟಕಿಯಲ್ಲಿ ಕಣ್ಣಿಟ್ಟರೆ ಎದುರಿಗಿದ್ದವನ ಚಿತ್ರ ಎರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುವಿ ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಫೋಕಸ್ ಆದಂತೆ. ಹಳೆಯದಾದಾಗ ಆ ಎರಡು ಚಿತ್ರ ಕೂಡಲೊಲ್ಲವು. ಅವನ್ನು ಮತ್ತೆ ಕೂಡಿಸಿ, ಸುತ್ತಲಿನ ಫೋಟೋಗ್ರಾಫರುಗಳಿಗೆ ಮಾರುವುದೇ ಅವನ ಹೆಮ್ಮೆ.

ಎಂಬತ್ಮೂರರ ಬೇಸಿಗೆಯಲ್ಲಿ ಒಂದು ಜರ್ಮನ್ ಕ್ಯಾಮರಾ ಅವನನ್ನು ಮೂರು ದಿನ ಕಾಡಿಸಿತು. ನಲವತ್ತಾರು ದಾಟಿದ್ದ ಕಣ್ಣು ಸಣ್ಣ ಸ್ಕ್ರೂ ಕಂಡರೆ ನೀರಾಡುತ್ತಿತ್ತು. ನಾಲ್ಕನೆಯ ದಿನ ಅದನ್ನು ಮನೆಗೆ ತಂದು, ಕಟ್ಟೆಗೆ ಕೂತು ಒಂದು ತಾಸು ಸ್ಕ್ರೂ ತಿರುವಿ, ಬಿಚ್ಚಿದಂತೆಯೇ ಅಲ್ಲಿಟ್ಟು ಜಳಕಕ್ಕೆ ಹೋದ. ತಲೆ ಒರೆಸಿಕೊಳ್ಳುತ್ತ ಬಂದಾಗ ಹೆಂಡತಿ ಶಾರದವ್ವ ಕ್ಯಾಮರಾಕ್ಕೆ ಕಣ್ಣಿಟ್ಟು ದೂರದ ರೈಲ್ವೆ ಸಿಗ್ನಲ್ ಕಂಬ ನೋಡುತ್ತಿದ್ದಳು. ಗಾಜಿನ ಮಣಿ ಪೋಣಿಸಿ ಬಾಗಿಲ ತೋರಣ ಮಾಡುವ ಕೈ ಅವಳದು.

"ನೋಡ್ರಿ, ಕಂಬ ಒಂದ ಕಾಣತೈತಿ."

ಅವನು ನೋಡಿದ. ಒಂದೇ ಕಂಬ. "ಏನ ಮಾಡಿದಿ?"

"ಒಳಗ ಎರಡು ಸ್ಕ್ರೂ ಅದಾವಲ್ರಿ. ಒಂದು ಅತ್ತಾಗ ಇತ್ತಾಗ ಸರಸತೈತಿ, ಇನ್ನೊಂದು ಮ್ಯಾಲ ಕೆಳಗ. ನೀವು ಒಂದನ್ನ ತಿರುವಾಕತ್ತಿದ್ರಿ."

ಅಂದು ಅವನು ನಕ್ಕ. ಚಹಾದ ಅಂಗಡಿಯಲ್ಲಿ ನಾಲ್ಕು ಮಂದಿಗೆ ಹೇಳಿಕೊಂಡ. ಆಮೇಲೆ ಕಷ್ಟದ ಕ್ಯಾಮರಾಗಳೆಲ್ಲ ಮನೆಗೆ ಬರತೊಡಗಿದವು. ಒಲೆಯ ಕೆಲಸ ಮುಗಿಸಿ ಶಾರದವ್ವ ಕಟ್ಟೆಗೆ ಕೂತರೆ ಗಂಡ ಎರಡು ದಿನ ಒದ್ದಾಡಿದ್ದು ಅವಳಿಗೆ ಒಂದು ತಾಸಿನ ಕೆಲಸ.

ವರ್ಷ ತುಂಬುವುದರೊಳಗೆ ಸುದ್ದಿ ಅಣ್ಣಿಗೇರಿ ಮುಟ್ಟಿತು. ಅಲ್ಲಿ ಲಗ್ನದ ಫೋಟೋ ತೆಗೆಯುವ ಇಮಾಮುದ್ದೀನ, ಮಡಿವಾಳೆಪ್ಪನ ಹಳೆಯ ಗಿರಾಕಿ, ಒಂದು ಮಧ್ಯಾಹ್ನ ಅಂಗಡಿಗೆ ಬಂದು ತನ್ನ ಜಪಾನಿ ಕ್ಯಾಮರಾ ಮೇಜಿನ ಮೇಲಿಟ್ಟ.

"ಅಣ್ಣಾರ, ಇದನ್ನಷ್ಟು ವೈನಿಯವರ ಕೈಲೆ ಮಾಡಸ್ರಿ."

ಅಣ್ಣನ ಹೆಂಡತಿ ವೈನಿ, ಅಂದರೆ ಶಾರದವ್ವ. ಮಡಿವಾಳೆಪ್ಪ ಹೂಂ ಎಂದ. ಆದರೆ ಆ ಮಾತು ಎದೆಯಲ್ಲಿ ಮುಳ್ಳಾಗಿ ಮುರಿಯಿತು. ಇಪ್ಪತ್ತು ವರ್ಷ ಕಣ್ಣು ಸುಟ್ಟುಕೊಂಡವನು ತಾನು. ಕ್ಯಾಮರಾ ಆರಿಸಿ ತಂದವನು, ಬಿಚ್ಚುವುದು ಕಲಿಸಿದವನು ತಾನು. ಈಗ ಇವರಿಗೆ ವೈನಿ ಬೇಕು. ಅಂದಿನಿಂದ ಯಾರು ಬಂದರೂ ಅವರ ಬಾಯಲ್ಲಿ ಆ ಶಬ್ದ ಬರುತ್ತದೋ ಎಂದು ಕಾಯತೊಡಗಿದ. ಬಂದರೆ ಉರಿ, ಬಾರದಿದ್ದರೆ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆಂಬ ಗುಮಾನಿ. ಮನೆಯಲ್ಲಿ ಅವಳು ರೊಟ್ಟಿ ಬಡಿಯುವಾಗಲೂ ಆ ಬೆರಳುಗಳನ್ನೇ ನೋಡುವನು. ತನ್ನ ಬೆರಳಿಗಿಂತ ಅವೇನೂ ತೆಳ್ಳಗಿರಲಿಲ್ಲ. ಅದು ಅವನಿಗೆ ಇನ್ನಷ್ಟು ಸಂಕಟ ಕೊಟ್ಟಿತು.

ಕ್ಯಾಮರಾಗಳನ್ನು ಮನೆಗೆ ಒಯ್ಯುವುದು ಬಿಟ್ಟ. "ಕೆಲಸ ಕಡಿಮಿ ಆಗೇತಿ" ಎಂದ. ಶಾರದವ್ವ ಮಣಿಯ ಡಬ್ಬಿ ಎತ್ತಿಕೊಂಡಳು.

ಇಮಾಮುದ್ದೀನನ ಕ್ಯಾಮರಾವನ್ನು ತಾನೇ ಬಿಚ್ಚಿದ. ಅಂಗಡಿಯ ಹಿಂದೆ ನಿಂತು ಸಿಗ್ನಲ್ ಕಂಬ ನೋಡಿದ. ಎರಡು ಕಂಬಗಳ ನಡುವೆ ಕೂದಲೆಳೆಯಷ್ಟು ಸಂದಿ ಉಳಿದಿತ್ತು. ಮತ್ತೆ ತಿರುವಿದ, ಮತ್ತೆ ನೋಡಿದ, ಉಳಿದೇ ಇತ್ತು. ಮರುದಿನ ಇಮಾಮುದ್ದೀನ ಬಂದಾಗ ಅದನ್ನೇ ಕೈಗಿಟ್ಟ.

"ವೈನಿಯವರ ಮಾಡಿದ್ರೇನ್ರಿ?"

"ಹೌದು, ಅಕಿನ ಮಾಡ್ಯಾಳ."

ಯಾಕೆ ಹಾಗೆಂದನೋ ಆ ಗಳಿಗೆಯಲ್ಲಿ ಅವನಿಗೇ ಹೊಳೆಯಲಿಲ್ಲ. ಇಮಾಮುದ್ದೀನ ಹೋದಮೇಲೆ ಹೊಳೆಯಿತು. ಹೊಳೆದರೂ ಹಿಂದೆ ಓಡಿಹೋಗಿ ಕರೆಯಲಿಲ್ಲ.

ಮೂರು ವಾರಕ್ಕೆ ಇಮಾಮುದ್ದೀನ ಫೋಟೋಗಳ ಲಕೋಟೆ ಹಿಡಿದು ಬಂದ. ನವಲಗುಂದದ ಒಂದು ದೊಡ್ಡ ಲಗ್ನ. ಹಿಂದಿನ ಹಂದರದ ಬಟ್ಟೆಯ ನೆರಿಗೆ ನೆರಿಗೆಯೂ ಸ್ಪಷ್ಟ, ಮದುಮಗಳ ಮುಖ ಮಾತ್ರ ಮಂಜು. ಒಂದಲ್ಲ, ಎಲ್ಲವೂ ಹಾಗೇ.

"ವೈನಿಯವರ ಕೈ ತಪ್ಪತೇನ್ರಿ?" ಅವನ ದನಿಯಲ್ಲಿ ಸಿಟ್ಟಿಗಿಂತ ನಂಬಲಾರದ ಭಾವವೇ ಹೆಚ್ಚಿತ್ತು.

ಮಡಿವಾಳೆಪ್ಪನ ಒಳಗೆ ಒಂದು ಕ್ಷಣ ತಂಪಾಯಿತು. "ಹೆಣ್ಣಮಕ್ಕಳ ಕೆಲಸ, ಒಮ್ಮೊಮ್ಮೆ ಹಂಗ ಆಗತೈತಿ" ಎಂದ.

ಇಮಾಮುದ್ದೀನ ತಲೆಯಾಡಿಸಿ, ತಾನೇ ಕೇಳುತ್ತೇನೆಂದು ಮನೆಯ ಕಡೆ ನಡೆದೇಬಿಟ್ಟ. ಮಡಿವಾಳೆಪ್ಪ ಅಂಗಡಿಗೆ ಕೀಲಿ ಹಾಕುವುದನ್ನೂ ಮರೆತು ಬೆನ್ನು ಹತ್ತಿದ.

ಶಾರದವ್ವ ಫೋಟೋಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕ್ಯಾಮರಾ. ಅದು ಅವಳ ಕೈಗೆ ಎಂದೂ ಬಂದದ್ದಲ್ಲ. ತಲೆ ಎತ್ತಿ ಬಾಗಿಲಲ್ಲಿ ನಿಂತ ಗಂಡನ ಮುಖ ನೋಡಿದಳು. ಅವನು ಚಪ್ಪಲಿ ನೋಡಿಕೊಂಡ.

"ತಪ್ಪಾಗೇತಿ ಅಣ್ಣಾರ" ಎಂದಳು ಇಮಾಮುದ್ದೀನನಿಗೆ. "ಕುಂದ್ರಿ, ಈಗ ಸರಿಮಾಡಿ ಕೊಡತೀನಿ."

ಕೊಟ್ಟಳು. ಅವನು ಚಹಾ ಕುಡಿದು ಹೋದ ಮೇಲೆ ಮಡಿವಾಳೆಪ್ಪ ಬೈಗುಳಕ್ಕೆ ಕಾದು ನಿಂತ. ಶಾರದವ್ವ ಬಯ್ಯಲಿಲ್ಲ.

"ನಾಳಿಂದ ನಾ ಅಂಗಡ್ಯಾಗ ಕುಂದರತೀನಿ. ನನ್ನ ಹೆಸರಲೆ ಹೋಗೂದು ನನ್ನ ಕೈಯಾಗಿಂದ ಹೋಗಲಿ."

ಮರುದಿನ ಬಂದು ಕೂತಳು. ಊರು ಒಂದು ವಾರ ಬಾಗಿಲಲ್ಲಿ ನಿಂತು ನೋಡಿತು, ಆಮೇಲೆ ರೂಢಿಯಾಯಿತು. ಮಡಿವಾಳೆಪ್ಪನಿಗೆ ಮಾತ್ರ ಆಗಲಿಲ್ಲ. ಗಿರಾಕಿ ಅವಳ ಕಡೆ ತಿರುಗಿ ಮಾತಾಡಿದರೆ ಎದ್ದು ಹೊರಗೆ ಹೋಗುವನು, ಎಲೆಯಡಿಕೆ ಹಾಕಿಕೊಂಡು ಬರುವನು.

ಒಂದು ತಿಂಗಳು ಹೀಗೆ ಕಳೆದು, ತಡೆಯಲಾರದೆ ಬಸ್ಸು ಹತ್ತಿ ಅಣ್ಣಿಗೇರಿಗೆ ಹೋದ. ಸ್ಟುಡಿಯೋದಲ್ಲಿ ನಿಂತುಕೊಂಡೇ ಎಲ್ಲ ಹೇಳಿದ: ಅಕಿ ಮುಟ್ಟಿರಲಿಲ್ಲ, ಮಾಡಿದವನು ನಾನು, ಸರಿಯಾಗಿಲ್ಲವೆಂಬುದೂ ಗೊತ್ತಿತ್ತು.

ಇಮಾಮುದ್ದೀನ ಅವನ ಕಡೆ ಒಂದು ಸ್ಟೂಲು ಸರಿಸಿದ. "ಆ ನವಲಗುಂದದ ಮನಿತನದವರು ಈಗ ನನ್ನ ಕರಿಯೂದಿಲ್ರಿ" ಎಂದ. "ಅದ ಇರಲಿ. ವೈನಿಯವರಿಗೆ ಹೇಳೀರಿ?"

"ಅಕಿಗೆ ಗೊತ್ತೈತಿ."

"ನಿಮ್ಮ ಬಾಯಿಲೆ ಗೊತ್ತಿಲ್ಲಲ್ರಿ."

ಮಡಿವಾಳೆಪ್ಪ ಸಂಜೆಯ ಬಸ್ಸಿಗೆ ತಿರುಗಿ ಬಂದ. ಶಾರದವ್ವ ಅಂಗಡಿಯಲ್ಲಿ ಒಂದು ಕ್ಯಾಮರಾದ ಮುಚ್ಚಳ ತೆಗೆದುಕೊಂಡು ಕೂತಿದ್ದಳು. ಅವನು ಎದುರಿನ ಸ್ಟೂಲಿನಲ್ಲಿ ಕೂತು, "ಹೊಟ್ಟಿಕಿಚ್ಚಿಲೆ ಮಾಡಿದೆ. ನಿನ್ನ ಹೆಸರು ಕೆಡಲಿ ಅಂತನ ಕೊಟ್ಟೆ" ಎಂದ.

ಅವಳ ಕೈ ನಿಂತಿತು. "ಈಗರೆ ಹೋಗೇತೇನು ಹೊಟ್ಟಿಕಿಚ್ಚು?"

"ಇಲ್ಲ."

"ಹೂಂ" ಎಂದಳು. "ಆ ಬಾಗಲಾ ಪೂರ್ತಿ ತಗೀರಿ, ಬೆಳಕ ಸಾಲವಲ್ದು."

ಅವನು ಎದ್ದು ತೆಗೆದ.