ಕಾಕಾನ ಗಾಣ, ಕಂಪನಿಯ ಮಾತು

ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಮಾತುಗಳನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಅಥಣಿಯ ಮನೆಯಲ್ಲೇ ಕುಳಿತು ಬರೆದು ಕಳಿಸುತ್ತೇನೆ. ಬಹಳ ವರ್ಷ ಆ ಕಂಪನಿ ತನ್ನ ತಂತ್ರಾಂಶದ ಒಳಗೆ ಯಾರಿಗೂ ಇಣುಕಲು ಬಿಟ್ಟಿರಲಿಲ್ಲ. ಇಣುಕಿದವರನ್ನು ಕೋರ್ಟಿಗೆ ಎಳೆದಿತ್ತು. ಮಂದಿ ಬೈದು ಬೈದು ಹೆಸರು ಕೆಟ್ಟ ಮೇಲೆ ಅದಕ್ಕೆ ಒಮ್ಮೆಲೇ ಬುದ್ಧಿ ಬಂತು. ಇನ್ನು ಮೇಲೆ ನಮ್ಮದೆಲ್ಲ ಮುಕ್ತ, ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿಕೊಳ್ಳಿ, ಹಂಚಿಕೊಳ್ಳಿ ಎಂದು ಡಂಗುರ ಹೊಡೆಯತೊಡಗಿತು. ಕನ್ನಡದಲ್ಲಿ ಆ ಡಂಗುರ ಹೊಡೆಯುವವಳು ನಾನು.

ಕಳೆದ ವರ್ಷ ಒಂದು ಮೀಟಿಂಗಿನಲ್ಲಿ ಕಂಪನಿಯ ಬೆಂಗಳೂರು ಕಚೇರಿಯ ಮೇಡಂ, ಈ 'ಮುಕ್ತ' ಅನ್ನುವುದನ್ನು ರೈತರಿಗೆ ಹೇಗೆ ತಿಳಿಸುವುದು ಎಂದು ಕೇಳಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ. ಶಿರಗುಪ್ಪಿ ಹತ್ತಿರ ನಮ್ಮ ಕಾಕಾ ನಡೆಸುವ ಬೆಲ್ಲದ ಗಾಣದ ಸುದ್ದಿ ತೆಗೆದೆ. ಗಾಣ ನಡೆದಿರುವಷ್ಟು ದಿನ ದಾರಿಹೋಕರು ಯಾರೇ ಬರಲಿ, ಕಬ್ಬಿನ ಹಾಲು ಕುಡಿಯಬಹುದು, ಕೊಪ್ಪರಿಗೆಯಿಂದ ಇಳಿಸಿದ ಬಿಸಿ ಬೆಲ್ಲ ತಿನ್ನಬಹುದು. ಯಾವ ಊರು, ಯಾರ ಪೈಕಿ ಎಂದು ಕಾಕಾ ಕೇಳುವುದಿಲ್ಲ. ಬಂದವರೂ ಏನನ್ನೂ ಕೇಳುವುದಿಲ್ಲ, ಲೋಟ ಮುಂದೆ ಹಿಡಿಯುತ್ತಾರೆ, ಅಷ್ಟೇ. ಮುಕ್ತ ಅಂದರೆ ಇದೇ ನೋಡ್ರಿ ಮೇಡಂ ಎಂದೆ. ಅವರ ಕಣ್ಣು ಅರಳಿದವು.

ಹದಿನೈದು ದಿನದೊಳಗೆ ಮೇಡಂ ಕ್ಯಾಮೆರಾದವರನ್ನೂ ನನ್ನನ್ನೂ ಕರೆದುಕೊಂಡು ಗಾಣದ ಮುಂದೆ ಬಂದಿಳಿದರು. ಕಬ್ಬಿನ ಎಲೆಯ ಫೋಟೋ ನೋಡಿ ರೋಗ ಯಾವುದೆಂದು ಹೇಳುವ ಒಂದು ಆ್ಯಪ್ ಕಂಪನಿ ಮಾಡುತ್ತಿತ್ತು. ಅದಕ್ಕೆ ಕಲಿಸಲು ನಮ್ಮ ಭಾಗದ ಹೊಲಗಳ ಫೋಟೋ ರಾಶಿ ರಾಶಿ ಬೇಕಿತ್ತು. ಕಾಕಾ ಎಲ್ಲವನ್ನೂ ಕೇಳಿಸಿಕೊಂಡು, ಮೇಡಂ ಕಡೆ ನೋಡದೆ ನನ್ನನ್ನೇ ಕೇಳಿದ.

"ಇದು ನಾಳೆ ಎಲ್ಲಾರಿಗೂ ಸಿಗತೈತೇನವ್ವ? ಫೋಟೋ ಕೊಟ್ಟಾವ್ರಿಗೂ?"

"ಸಿಗತೈತಿ ಕಾಕಾ. ಅದಕ್ಕ ಮುಕ್ತ ಅಂತಾರ."

ಅಷ್ಟು ಸಾಕಾಯಿತು ಅವನಿಗೆ. ಶಿರಗುಪ್ಪಿಯಿಂದ ಉಗಾರದ ತನಕ ತನಗೆ ಗುರುತಿದ್ದವರ ಹೊಲಗಳಿಗೆಲ್ಲ ಹೋದ. ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ ಹೇಳಿ ಫೋಟೋ ಹೊಡೆಸಿದ. ಅನುಮಾನಪಟ್ಟವರಿಗೆ, ನಮ್ಮ ಅಣ್ಣನ ಮಗಳ ಅದಾಳ ಅದರಾಗ, ಅಂದನಂತೆ.

ಸಿನಿಮಾದಂಥ ಜಾಹೀರಾತು ಹೊರಬಂತು. ಕಾಕಾ ಲೋಟಕ್ಕೆ ಹಾಲು ಸುರಿಯುತ್ತಾನೆ, ಹಿಂದಿನಿಂದ ನನ್ನದೇ ವಾಕ್ಯ ಕೇಳುತ್ತದೆ: 'ನಮ್ಮ ಬಾಗಿಲೂ ಹೀಗೇ ತೆರೆದಿದೆ.' ನಿಪ್ಪಾಣಿಯ ಸೋದರತ್ತೆ ಫೋನ್ ಮಾಡಿ ಹೆಮ್ಮೆಯಿಂದ ಅತ್ತೇಬಿಟ್ಟಳು. ಕಂಪನಿಗೆ ಎಲ್ಲೆಲ್ಲಿಂದಲೋ ಶಹಬಾಸ್‌ಗಿರಿ ಬಂತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಆಗ ನನಗೆ ಹಾಗನ್ನಿಸಲಿಲ್ಲ, ನಾನೂ ಉಬ್ಬಿದ್ದೆ.

ಆಮೇಲೆ ರಾಯಬಾಗದಿಂದ ಒಬ್ಬ ಕೃಷಿ ಶಿಕ್ಷಕಿ ಕಾಕಾನ ಗಾಣಕ್ಕೆ ಬಂದರು. ನೆಟ್‌ವರ್ಕ್ ಇಲ್ಲದ ಹೊಲದಲ್ಲೂ, ಹಳೆಯ ಫೋನಿನಲ್ಲೂ ಓಡುವ ಹಾಗೆ ಆ ಆ್ಯಪನ್ನು ತಿದ್ದಬೇಕೆಂದಿದ್ದರು. ಅದಕ್ಕೆ ಆ ಫೋಟೋಗಳು ಬೇಕಿದ್ದವು. "ಒಯ್ರಿ, ನಮ್ಮವ ಅದಾವ," ಎಂದ ಕಾಕಾ ಅವರನ್ನು ನನ್ನ ಹತ್ತಿರ ಕಳಿಸಿದ.

ನಾನು ಮೇಡಂಗೆ ಬರೆದೆ. ಉತ್ತರ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿ ಬಂತು. ಮುಕ್ತವಾಗಿರುವುದು ಆ್ಯಪಿನ ಹೊರಮೈ ಮಾತ್ರ. ಫೋಟೋಗಳು ಮತ್ತು ಅವುಗಳಿಂದ ಆ್ಯಪ್ ಕಲಿತ ವಿದ್ಯೆ ಕಂಪನಿಯ ಆಸ್ತಿ. ಅಂದರೆ ಖಾಲಿ ಕೊಪ್ಪರಿಗೆ ಊರಿಗೆ, ಬೆಲ್ಲ ಅವರಿಗೆ. ಇದನ್ನು ಶಿಕ್ಷಕಿಗೆ ಒಳ್ಳೆಯ ಕನ್ನಡದಲ್ಲಿ ತಿಳಿಸಿ ಎಂದು ಕೊನೆಯಲ್ಲಿ ನನಗೇ ಹೇಳಿದ್ದರು. ತಿಳಿಸಿದೆ. ಎಷ್ಟು ಒಳ್ಳೆಯ ಕನ್ನಡದಲ್ಲಿ ಬರೆದಿದ್ದೆನೆಂದರೆ, ಓದಿದರೆ ಈಗಲೂ ಮೈಯೆಲ್ಲ ಮುಳ್ಳಾಗುತ್ತದೆ. ಛೀ ಅನ್ನಿಸುತ್ತದೆ ನನ್ನ ಬಗ್ಗೆ ನನಗೇ.

ಕಾಕಾನಿಗೆ ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ಬಸ್ಸು ಹತ್ತಿ ಗಾಣಕ್ಕೇ ಹೋದೆ. ಕೊಪ್ಪರಿಗೆ ಕುದಿಯುತ್ತಿತ್ತು. ಅವನು ನೊರೆ ತೆಗೆಯುತ್ತಲೇ ಎಲ್ಲ ಕೇಳಿದ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಮಂದಿ ಕಂಪನಿ ನೋಡಿ ಕೊಟ್ಟಿಲ್ಲವ್ವ, ನನ್ನ ಮುಖ ನೋಡಿ ಕೊಟ್ಟಾರ," ಎಂದ. "ನಾ ಯಾವ ಮುಖ ಹೊತ್ಕೊಂಡು ಅವರ ಹೊಲದ ದಂಡಿಗೆ ಹೋಗ್ಲಿ?"

ಮತ್ತೊಮ್ಮೆ ಬರೆದು ನೋಡುತ್ತೇನೆ ಎಂದೆ. ಅದರಿಂದ ಏನೂ ಆಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಷ್ಟರಲ್ಲಿ ಕಾಗವಾಡದ ಕಡೆಯಿಂದ ಬಂದ ಗಂಡ ಹೆಂಡತಿ ಬೈಕು ನಿಲ್ಲಿಸಿದರು. ಗಂಡ ಕಾಕಾನ ಗುರುತು ಹಿಡಿದು ನಕ್ಕ. ಜಾಹೀರಾತಿನಲ್ಲಿ ನೋಡಿದ್ದನಂತೆ. ಕಾಕಾ ಎಂದಿನಂತೆ ಎರಡು ಲೋಟ ತುಂಬಿ ಹಿಡಿದ. ಗಂಡ ತೆಗೆದುಕೊಳ್ಳಲು ಕೈ ಚಾಚಿದ. ಹೆಂಡತಿ ಅವನ ತೋಳು ಹಿಡಿದು ಹಿಂದಕ್ಕೆ ಜಗ್ಗಿದಳು.

"ತಡೀರಿ, ಕೇಳ್ರಿ ಮೊದಲ. ಇದು ಫ್ರೀ ಐತೇನ್ರಿ ಕಾಕಾ? ಆಮ್ಯಾಲೆ ಆ ಕಂಪನಿಯವ್ರಿಗೆ ಹೆಸರು, ಫೋನ್ ನಂಬರ್ ಏನರ ಕೊಡಬೇಕಾಗತೈತೇನು?"

ನಾನು ಹುಟ್ಟಿದಾಗಿನಿಂದ ಆ ಗಾಣದ ಮುಂದೆ ಯಾರೂ ಆ ಮಾತು ಕೇಳಿದ್ದಿಲ್ಲ. ಕಾಕಾ ಲೋಟ ಹಿಡಿದ ಕೈ ಕೆಳಗಿಳಿಸಲಿಲ್ಲ. ನನ್ನ ಕಡೆ ತಿರುಗಿದ.

"ನೀನ ಹೇಳವ್ವ," ಎಂದ. "ಇಂಥಾದ್ದು ತಿಳಿಸಿ ಹೇಳಾಕಿ ನೀನಲ್ಲ?"